ಕಾಟು ಹೊಡೆದ ಸಾಲು

"ಇದಿಷ್ಟೂ ಟೈಪ್ ಮಾಡ್ರಿ. ಇವತ್ತ ಸೋಲಾಪುರ ಅಲ್ಲಾಡಬೇಕು!"

ಮೂರು ಹಾಳೆ ಪ್ರಾಜಕ್ತಾಳ ಕೀಬೋರ್ಡಿನ ಮೇಲೆ ದಪ್ಪೆಂದು ಬಿದ್ದವು.

ಅವಳು ತಲೆ ಎತ್ತಿದಳು. ಎದುರಿಗೆ ದಿಗಂಬರ, ಅಕ್ಕಲಕೋಟದ ಲೈಬ್ರರಿಯ ಗುಮಾಸ್ತ. ಎಸ್‌ಟಿ ಬಸ್ಸಿನ ಧೂಳಲ್ಲಿ ಮಿಂದು ಬಂದಿದ್ದರೂ ಆ ನಗು ಮಾತ್ರ... ಅಬ್ಬಾ! ಆ ನಗುವಿಗೆ ಸೋಲಾಪುರದ ಅಮೃತಪ್ಪನ ಸೈಬರ್ ಕೆಫೆಯ ಮೂರೂ ಕಂಪ್ಯೂಟರ್ ಒಮ್ಮೆಲೇ ನಿಂತುಹೋದವು. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ.

ಅದು 1999ರ ಬೇಸಿಗೆ. ಮೋಡೆಮ್ ಇಲ್ಲಿ ಕಿರುಚಿದರೆ ಹೋಟಗಿಯ ನಾಯಿಗಳು ಅಲ್ಲಿಂದ ಉತ್ತರ ಕೊಡುತ್ತಿದ್ದ ಕಾಲ. ಕೀಬೋರ್ಡ್ ಮುಟ್ಟಲು ಹೆದರುವವರು ತಮ್ಮ ಅಭಿಪ್ರಾಯವನ್ನು ಹಾಳೆಯಲ್ಲಿ ಬರೆದು ತರುತ್ತಿದ್ದರು. ಪ್ರಾಜಕ್ತಾ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ 'ಸೋಲಾಪುರ ಕಟ್ಟಿ' ಎಂಬ ಚರ್ಚೆಯ ಪುಟಕ್ಕೆ ಏರಿಸುತ್ತಿದ್ದಳು. ಅವಳ ವೇಗಕ್ಕೆ ಕೀಬೋರ್ಡಿನಿಂದ ಹೊಗೆ ಏಳುತ್ತಿತ್ತು!

"ಹೆಸರು ಏನ ಹಾಕಲಿ?"

"ಅಕ್ಕಲಕೋಟದ ಹುಲಿ."

ಪ್ರಾಜಕ್ತಾ ತುಟಿ ಕಚ್ಚಿ ನಗು ನುಂಗಿದಳು.

ಮೊದಲ ಹಾಳೆ ಶೇಂಗಾ ಚಟ್ನಿಯದು. ಅದರ ನಡುವೆ ಒಂದು ಸಾಲಿಗೆ ಕಾಟು ಹೊಡೆದಿತ್ತು: 'ನಮ್ಮ ಅವ್ವ ಚಟ್ನಿಗೆ ಬೆಲ್ಲಾ ಹಾಕತಾಳ.'

"ಕಾಟು ಹೊಡದದ್ದ ಬಿಡ್ರಿ," ದಿಗಂಬರ ಕೆಂಪಾದ. "ಮನಿ ಮರ್ಯಾದಿ ಪ್ರಶ್ನಾ!"

ಎರಡನೆಯದರಲ್ಲಿ, ನಳಕ್ಕೆ ನೀರು ಬಿಡದ ಪುಢಾರಿಗಳಿಗೆ ಒಂದು ತಿಂಗಳು ಬರೀ ಚಟ್ನಿ ತಿನ್ನಿಸಬೇಕೆಂಬ ತೀರ್ಪು. ಮೂರನೆಯದಕ್ಕೆ ಬಂದಾಗ ಅವಳ ಬೆರಳು ನಿಂತವು.

'ಜಾತಿ ಎಲ್ಲೈತಿ ಈಗ? ಅದು ಸತ್ತು ವರ್ಷಾದವು. ನಾ ಯಾರ ಮನ್ಯಾಗ ಬೇಕಾದರೂ ಕೂತು ಉಣ್ತೀನಿ.'

ಅವಳಿಗೆ ತಡವಳ ಹಳ್ಳಿಯ ತನ್ನ ಮನೆ ಕಣ್ಣಿಗೆ ಬಂತು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಕೆಳಗೆ ಒಳ್ಳಿನಲ್ಲಿ ಚಟ್ನಿ ಕುಟ್ಟುವ ಅವ್ವ ಅಂಜನಾಬಾಯಿ. ಹೋದ ವರ್ಷ ಅಕ್ಕಲಕೋಟದ ಬಾಜಾರಿನಲ್ಲಿ ಒಬ್ಬ ಹೆಂಗಸು ಅವ್ವ ಮಾರುತ್ತಿದ್ದ ಚಟ್ನಿಯ ರುಚಿ ನೋಡಿ ವಾಹ್ ಅಂದವಳು, ಹೆಸರು, ಓಣಿ ಕೇಳಿದ ಮೇಲೆ ಕಾಗದದಲ್ಲಿ ಕಟ್ಟಿಸಿಕೊಂಡ ಪುಡಕೆ ತಿರುಗಿ ಇಟ್ಟು ಹೋಗಿದ್ದಳು. ಅವತ್ತಿನಿಂದ ಅವ್ವ ಬಾಜಾರಿಗೆ ಹೋಗಿಲ್ಲ.

'ಸತ್ತೈತಂತ! ಹೆಣಾ ನೋಡಿದವರ್ಯಾರು?'

ಕಾಟು ಹೊಡೆದ ಸಾಲು ಬಿಟ್ಟು ಉಳಿದದ್ದನ್ನೆಲ್ಲ ಟೈಪ್ ಮಾಡಿ ಕಳಿಸಿದಳು. ಅವನ ಬಸ್ಸು ಸ್ಟ್ಯಾಂಡ್ ಬಿಟ್ಟಿತೋ ಇಲ್ಲವೋ, 'ಸುಟ್ಟ ಮೆಣಸಿನಕಾಯಿ' ಎಂಬ ಹೊಸ ಹೆಸರು ಕಟ್ಟೆಗೆ ಬಂದು ಕೂತಿತು.

'ಹುಲಿಯಪ್ಪಾ, ಚಟ್ನಿಗೆ ಬೆಲ್ಲಾ ಹಾಕೂ ಮನಿಯವರು ಖಾರದ ಮಾತ ಆಡಬಾರದು. ಜಾತಿ ಸತ್ತದ್ದು ನಿಮ್ಮ ಪಡಸಾಲ್ಯಾಗ ಕೂತ ಕಂಡಿತೇನು?'

ಮುಂದಿನ ಐತವಾರ, ರಜೆಯ ದಿನ, ದಿಗಂಬರ ಓಡಿಬಂದ. ಉತ್ತರ ಓದಿದ. ಬೆಲ್ಲದ ಸಾಲನ್ನು ಇನ್ನೊಮ್ಮೆ ಓದಿದ. ಆಮೇಲೆ ಅವಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡ.

"ಬರೀರಿ!"

ಅವನು ಹೇಳುವುದು, ಅವಳು ಟೈಪ್ ಮಾಡುವುದು. ಅವನು ಹೋದ ಮೇಲೆ ಅವಳೇ ಅವನನ್ನು ಅರೆಯುವುದು! ಎಂಟು ಐತವಾರ ಈ ಯುದ್ಧ ನಡೆಯಿತು. ಚಾದರ ನೇಯುವವರು ಮಗ್ಗ ನಿಲ್ಲಿಸಿ, ವಕೀಲರು ಕೇಸು ಮುಂದೂಡಿ ಓದಿದರಂತೆ. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಒಂದು ದಿನ ದಿಗಂಬರ ಪರದೆಯನ್ನೇ ನೋಡುತ್ತ ಹೇಳಿದ, "ಈ ಮೆಣಸಿನಕಾಯಿ ಮ್ಯಾಲ ನನ್ನ ಮನಸ ಆಗೇತ್ರಿ."

ಪ್ರಾಜಕ್ತಾಳ ಬೆರಳು ತಪ್ಪು ಕೀಲಿ ಒತ್ತಿತು!

"ಯಾರೋ ಪ್ರೊಫೆಸರನ ಮಗಳ ಇರಬೇಕು. ಎಂಥಾ ತಲಿ! ನೀವೇನಂತೀರಿ?"

"ನಾ... ನಾ ಏನ ಅನ್ನಲಿ? ನಾ ಟೈಪ್ ಮಾಡಾಕಿ."

'ಪ್ರೊಫೆಸರನ ಮಗಳು... ಇವಗ ಬೇಕಾಗಿದ್ದು ಆಕಿ. ಖರೇ ಯಾರಂತ ತಿಳಿದರ ಇವನೂ ಬಾಜಾರದ ಆ ಹೆಂಗಸಿನಂಗ ಪುಡಕೆ ಇಟ್ಟು ಹೋಗತಾನ.'

ಹೋಗುವುದಾದರೆ ಇವತ್ತೇ ಹೋಗಲಿ! ಅವತ್ತು ಸಂಜೆ ಕೊನೆಯ ಸವಾಲು ಎಸೆದಳು.

'ಹುಲಿಯಪ್ಪಾ, ಬರೇ ಮಾತ ಸಾಕು. ತಡವಳಕ್ಕ ಬಾ. ಬುದ್ಧವಿಹಾರದ ಹಿಂದ ಅಂಜನಾಬಾಯಿ ಮನಿ. ನಿಮ್ಮ ಅವ್ವನ್ನೂ ಕರಕೊಂಡ ಬಂದು, ಕೂತು ಉಣ್ಣು. ಆಮ್ಯಾಲ ಜಾತಿ ಸತ್ತೈತಂತ ಬರಿ.'

ಮುಂದಿನ ಐತವಾರ ಕುರ್ಚಿ ಖಾಲಿ.

ಅದರ ಮುಂದಿನದೂ ಖಾಲಿ.

"ನಿನ್ನ ಹುಲಿ ಬೋನು ಸೇರಿತೇನವಾ?" ಅಮೃತಪ್ಪ ಛೇಡಿಸಿದ. ಅವಳಿಗೆ ನಗು ಬರಲಿಲ್ಲ. ಗೆದ್ದಿದ್ದಳು... ಆದರೆ ಇಂಥ ಗೆಲುವು ಯಾವ ವೈರಿಗೂ ಬೇಡ!

ಮೂರನೆಯ ಐತವಾರ ರಜೆ ಹಾಕಿ ಮನೆಯಲ್ಲೇ ಉಳಿದಳು. ಮಧ್ಯಾಹ್ನ ಬಾಗಿಲಲ್ಲಿ ದನಿ.

"ಅಂಜನಾಬಾಯಿಯವರ ಮನಿ ಇದ ಏನ್ರಿ?"

ದಿಗಂಬರ! ಅವನ ಹಿಂದೆ ನೂಲಿನ ಸೀರೆಯ, ಗಂಟುಮೋರೆಯ ಅವನ ಅವ್ವ ಕುಮುದಿನಿಬಾಯಿ!

ಅಂಜನಾಬಾಯಿ ಗಾಬರಿಯಾಗಿ ಸೆರಗಿಗೆ ಕೈ ಒರೆಸಿಕೊಂಡಳು. "ಬರ್ರಿ... ಆದರ ನಮ್ಮ ಹೆಸರು, ಓಣಿ ಕೇಳೀರಿಲ್ಲೋ?"

ಕುಮುದಿನಿಬಾಯಿ ಗೋಡೆಯ ಫೋಟೋ ನೋಡಿದಳು. ಮಗನ ಮುಖ ನೋಡಿದಳು.

"ಕೇಳಿಕೊಂಡ ಬಂದೀವಿ."

ತಾಟು ಬಂತು. ಕಡಕ್ ರೊಟ್ಟಿ, ಮೊಸರು, ಚಟ್ನಿ. ಕುಮುದಿನಿಬಾಯಿಯ ಕೈ ತಾಟಿನ ಮೇಲೆ ನಿಂತೇಬಿಟ್ಟಿತು. ಪ್ರಾಜಕ್ತಾಳ ಉಸಿರೂ ನಿಂತಿತು. ಹೊರಗೆ ಗಾಳಿ, ಮೇಲೆ ಸೂರ್ಯ, ಮಿರಜ ಕಡೆ ಹೊರಟ ರೈಲು, ಎಲ್ಲವೂ ನಿಂತವು, ಆಣೆ ಮಾಡಿ ಹೇಳುತ್ತೇನೆ!

ರೊಟ್ಟಿ ಕಟ್ ಎಂದು ಮುರಿಯಿತು.

ಒಂದು ತುತ್ತು. ಎರಡು. ಕಣ್ಣಲ್ಲಿ ನೀರು. ಖಾರಕ್ಕೋ, ಇನ್ನೇನಕ್ಕೋ!

"ಏನ ಕೈರೀ ನಿಮ್ಮದು! ಬೆಲ್ಲಾ ಹಾಕಂಗಿಲ್ಲೇನು?" ಎಂದಳು. "ಇನ್ನೊಂದೀಟ ನೀಡ್ರಿ."

ಅಂಜನಾಬಾಯಿ ಅಳುತ್ತ ನಕ್ಕಳು. ನೀಡುವ ನೆವದಲ್ಲಿ ಡಬ್ಬಿಯನ್ನೇ ಬೋರಲು ಹಾಕಿದಳು. ಬರುವ ಸಂತೆಗೆ ತಾನೇ ಅಕ್ಕಲಕೋಟಕ್ಕೆ ಬರುತ್ತೇನೆ, ಮನೆಗೊಂದು ಪುಡಕೆ ತರುತ್ತೇನೆ ಎಂದಳು.

ಹಿತ್ತಲಲ್ಲಿ, ಬೇವಿನ ಕೆಳಗೆ ಪ್ರಾಜಕ್ತಾ ಸಿಡಿದಳು. "ಎರಡು ಐತವಾರ ಎಲ್ಲಿ ಹೋಗಿದ್ರಿ?"

"ಮನ್ಯಾಗ ಜಗಳಾ ಆಡಾಕ. ಹದಿನೈದ ದಿನಾ ಅವ್ವ ನನ್ನ ಕೂಡ ಮಾತ ಬಿಟ್ಟಿದ್ಲು. ಜಾತಿ ಸತ್ತಿಲ್ರಿ... ಈಗ ಗೊತ್ತಾತು. ನಮ್ಮ ಪಡಸಾಲ್ಯಾಗನ ಇತ್ತು."

"ನಿಮ್ಮ ಪ್ರೊಫೆಸರನ ಮಗಳ ಸಲುವಾಗಿ ಇಷ್ಟೆಲ್ಲಾ?"

ದಿಗಂಬರ ನಕ್ಕ. "ಬೆಲ್ಲದ ಸಾಲಿಗೆ ನಾ ಕಾಟು ಹೊಡದಿದ್ದೆ. ಅದು ಕಟ್ಟಿ ಮ್ಯಾಲ ಬರಲೇ ಇಲ್ಲ. ಅದನ್ನ ಓದಿದಾಕಿ ಈ ಭೂಮಿ ಮ್ಯಾಲ ಒಬ್ಬಾಕಿನ."

ಅಯ್ಯೋ! ಪ್ರಾಜಕ್ತಾ ಬಾಯಿ ಮುಚ್ಚಿಕೊಂಡಳು. "ಅಂದರ... ಎರಡನೇ ಐತವಾರದಿಂದನ...?"

"ಹೂಂ. ನೀವಾಗೇ ಹೇಳಲಿ ಅಂತ ಆ ಸುಳ್ಳ ಪ್ರೊಫೆಸರನ್ನ ಕಟ್ಟಿದೆ. ನಿಮಗ ನೋವಾಗತದ ಅಂತ ತಿಳೀಲಿಲ್ಲ. ತಪ್ಪಾತು."

ಜೇಬಿನಿಂದ ಹಾಳೆ ತೆಗೆದುಕೊಟ್ಟ. 'ಅಕ್ಕಲಕೋಟದ ಹುಲಿ ಸೋತಿತು' ಎಂದು ಬರೆದಿತ್ತು. ಅದರ ಕೆಳಗೆ ಕಾಟು ಹೊಡೆದ ಇನ್ನೊಂದು ಸಾಲು: 'ಪ್ರಾಜಕ್ತಾ, ನನ್ನ ಲಗ್ನ ಆಗತೀರೇನು?'

"ಅದು... ಕಾಟು ಹೊಡದದ್ದ ಬಿಡ್ರಿ," ಅವನು ಹಾಳೆ ತಿರುಗಿ ಇಸಕೊಳ್ಳಲು ಕೈ ಚಾಚಿದ.

"ನಾ ಬಿಡಂಗಿಲ್ಲ ಅಂತ ನಿಮಗ ಗೊತ್ತೈತಲ್ಲ!"

ಅವನ ಜೇಬಿನ ಪೆನ್ನು ಕಿತ್ತುಕೊಂಡು ಆ ಸಾಲಿನ ಕೆಳಗೆ ಬರೆದಳು: 'ಆಗತೀನಿ.' ಈ ಸಲ ಮೆಣಸಿನಕಾಯಿ ಇಲ್ಲ. ದೊಡ್ಡ ಅಕ್ಷರದಲ್ಲಿ, ಪ್ರಾಜಕ್ತಾ, ಅಂಜನಾಬಾಯಿ ಮಗಳು, ತಡವಳ.

"ಇದನ್ನ ಕಟ್ಟಿ ಮ್ಯಾಲ ಹಾಕೂನೇನು?" ಅವನು ಮೆಲ್ಲಗೆ ಕೇಳಿದ.

"ಹಾಕೂನು. ಆದರ ಈ ಸಲ ಟೈಪ್ ಮಾಡಾವರು ನೀವು."

"ನನಗ ಬರಂಗಿಲ್ಲಲಾ!"

"ಬರೂ ಐತವಾರ ಕುರ್ಚಿ ಹತ್ರ ಎಳಕೋರಿ..." ಅವಳು ಅವನ ಬೆರಳು ಹಿಡಿದಳು. "ಕಲಿಸತೀನಿ."