ಅಳಿಸಿಹೋದ ಚುಕ್ಕೆಗಳು

"ಈ ಚುಕ್ಕೆಗಳನ್ನ ಅಳಿಸಿದ್ದು ಯಾರು?!"

ಆಗಾಗ ಕಾಪಿ ತೆಗೆಸಲು ಬರುವ ಕಾಲೇಜಿನ ಈಶಾನನ ದನಿಗೆ ನೀಲಾಂಬಿಕೆ ವೈಟ್ನರ್ ಬಾಟಲಿ ಕೆಳಗಿಟ್ಟಳು.

ಕೊಪ್ಪದ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಅವಳು ಸೇರಿ ನಾಲ್ಕು ತಿಂಗಳು. ಹಾಳೆಯಲ್ಲಿ ಕಪ್ಪು ಚುಕ್ಕೆ ಕಂಡರೆ ವೈಟ್ನರ್ ಹಚ್ಚಿಯೇ ಕಾಪಿ ತೆಗೆಯಬೇಕು ಎಂದು ಮಾಲೀಕ ಕಲ್ಲೇಶಪ್ಪ ಮೊದಲ ದಿನವೇ ಕಲಿಸಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇವತ್ತು ಅವನ ಹಾಳೆಗೂ ಹಾಗೇ ಮಾಡಿದ್ದಳು.

"ನಾ... ನಾನೇ ಸರ್. ಕೊಳೆ ಅಂದ್ಕೊಂಡೆ..."

"ಕೊಳೆಯಾ! ಜಗತ್ತು ಹುಟ್ಟಿದಾಗಲೇ ಹುಟ್ಟಿರಬಹುದಾದ ಕಪ್ಪು ಕುಳಿಗಳ ಲೆಕ್ಕ ಮಾರಾಯ್ರೆ ಅದು! ಅವು ಕಣ್ಣಿಗೆ ಕಾಣಲ್ಲ. ಆಕಾಶದ ತುಂಬ ಉಳಿದಿರೋ ಹಳೇ ಬೆಳಕಲ್ಲಿ ಅವುಗಳ ಗುರುತು ಎಷ್ಟಿರಬಹುದು ಅಂತ ಒಂದು ವರ್ಷ ಕೂತು ಇಟ್ಟ ಚುಕ್ಕೆಗಳು..."

ಅವನು ಬೆಂಚಿನ ಮೇಲೆ ಕುಸಿದ.

"ನಾಳೆ ಮೈಸೂರಲ್ಲಿ ಪಿಎಚ್‌ಡಿ ಸಂದರ್ಶನ. ಲೆಕ್ಕದ ಪುಸ್ತಕ ನಮ್ಮೂರು ನೆಮ್ಮಾರಲ್ಲಿದೆ. ಬಸ್ಸಿಗೆ ಇನ್ನು ಕಾಲು ಗಂಟೆ."

"ಎಂತ ಗಲಾಟೆ ಕೂಸೇ?" ಒಳಗಿನಿಂದ ಕಲ್ಲೇಶಪ್ಪ ಕೂಗಿದರು.

ವೈಟ್ನರ್ ಹಚ್ಚಲು ಮರೆತು ಅವಳು ಮೊದಲು ತೆಗೆದ ಕಾಪಿಯೊಂದು ಸೊಟ್ಟಗೆ ಬಂದಿತ್ತು. ಅದು ಅವಳ ಊಟದ ಚೀಲದಲ್ಲೇ ಇತ್ತು.

ಆದರೆ ಚೀಲದಲ್ಲಿ ಇದ್ದದ್ದು ಅದೊಂದೇ ಅಲ್ಲವಲ್ಲ!

'ಕೆಲಸ ಹೋದರೆ ಹೋಗಲಿ... ಆ ಚೀಲ ಬಿಚ್ಚಿದರೆ ಇವರು ನನ್ನನ್ನು ಏನೆಂದುಕೊಂಡಾರು?'

ಅವನ ಬಾಡಿದ ಮುಖ ನೋಡಿದಳು. ಚೀಲ ಬಿಚ್ಚಿದಳು.

ನಾಲ್ಕು ತಿಂಗಳಿನಿಂದ ಕೆಟ್ಟು ಬಂದ ಅವನ ಹಾಳೆಗಳ ಕಾಪಿಗಳೆಲ್ಲ ಮಡಚಿಕೊಂಡು ಅಲ್ಲಿದ್ದವು. ಮೇಲಿನದರಲ್ಲಿ ಒಂದೂ ಬಿಡದೆ ಎಲ್ಲ ಚುಕ್ಕೆಗಳು!

ಈಶಾನ ಅದನ್ನು ಎತ್ತಿಕೊಂಡ. ಉಳಿದವನ್ನು ಒಂದೊಂದಾಗಿ ಬಿಡಿಸಿ ನೋಡಿದ.

"ಇವೆಲ್ಲ ರದ್ದಿಗೆ ಹಾಕೋದಲ್ವಾ?"

"ಅದ್ರಲ್ಲಿ ನಿಮ್ಮ ಅಕ್ಷರ ಇತ್ತು..." ಅವಳ ಕಣ್ಣು ತುಂಬಿತು. "ತಪ್ಪಾಯ್ತು ಸರ್. ಬೈದುಬಿಡಿ."

ಅವನು ಬೈಯಲಿಲ್ಲ.

"ನಮ್ಮ ಕಾಲೇಜಲ್ಲೇ ಜೆರಾಕ್ಸ್ ಮೆಷಿನ್ ಇದೆ, ಗೊತ್ತಾ?"

"ಮತ್ತೆ... ಇಲ್ಲಿಗೆ ಎಂತಕ್ಕೆ ಬರ್ತಿದ್ರಿ?"

"ನಾಲ್ಕು ತಿಂಗಳಿಂದ ಹೇಳೋಕೆ ಹೆದರ್ತಾ ಇದ್ದೆ, ನೀಲಾ."

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅವನು ಹಾಳೆಯನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟ.

"ಹಿಂದೆ ಏನಾದ್ರೂ ಬರೀರಿ. ನನ್ನ ಹತ್ರ ನಿಮ್ಮ ಅಕ್ಷರ ಒಂದೂ ಇಲ್ಲ."

"ನನ್ನ ಅಕ್ಷರ ಚೆಂದ ಇಲ್ಲ..."

"ವೈಟ್ನರ್ ಹಚ್ಚದಿದ್ರೆ ಸಾಕು!"

ಅವಳು ಪೆನ್ನು ತೆಗೆದುಕೊಂಡಳು. ಹಾಳೆಯ ಹಿಂದೆ ಬರೆದಳು... ಬೇಗ ಬನ್ನಿ.