ಹತ್ತರವರೆಗೆ ಎಣಿಸು, ಧೃತಿ!

"ಸಿಸ್ಟರ್... ನಾನು ಬದುಕ್ತೀನಾ?"

ಎದುರಿಗೆ ಕುಳಿತವನ ಕೈ ನಡುಗುತ್ತಿತ್ತು. ಧೃತಿ ಗಡಿಬಿಡಿಯಲ್ಲಿ ಶುರುಮಾಡಿದಳು.

"ಅಯ್ಯೋ, ಏನೂ ಆಗಲ್ಲ ಸಾರ್! ಧೈರ್ಯವಾಗಿರಿ! ಊಟ ಆಯ್ತಾ? ಮನೇಲಿ ಯಾರ್ಯಾರಿದಾರೆ? ನಿದ್ದೆ..."

"ಸ್ಟಾಪ್!" ತರಬೇತಿ ಕೊಡುತ್ತಿದ್ದ ಕಮಲಾದೇವಿ ಮೇಡಂ ಚಪ್ಪಾಳೆ ತಟ್ಟಿದರು. ಸುತ್ತ ಕುಳಿತಿದ್ದ ನರ್ಸ್‌ಗಳೆಲ್ಲ ಗೊಳ್ಳೆಂದು ನಕ್ಕರು.

"ಅವ್ರು ಕೇಳಿದ್ದೇನು, ನೀನು ಹೇಳಿದ್ದೇನು? ಕ್ಯಾನ್ಸರ್ ಪೇಷಂಟ್ ಹತ್ರ ಒಂದೇ ಪ್ರಶ್ನೆ ಕೇಳ್ಬೇಕು. ಆಮೇಲೆ ಮನಸ್ಸಲ್ಲೇ ಹತ್ತು ಎಣಿಸ್ಬೇಕು. ಅಲ್ಲೀವರೆಗೂ ಬಾಯಿ ಬಂದ್!"

"ಮೇಡಂ, ನಾನು ಮೂರಕ್ಕೇ ಔಟ್!"

ಪೇಷಂಟ್ ಆಗಿ ಕುಳಿತಿದ್ದ ಯುವಕನೂ ನಕ್ಕ. ಹೆಸರು ಚನ್ನವೀರ. ಜಯನಗರದ ಆ ಹಾಲ್‌ಗೆ ಪ್ರತಿ ಶನಿವಾರ ಬಂದು, ನರ್ಸ್‌ಗಳ ಮುಂದೆ ರೋಗಿಯಾಗಿ ಕೂರುತ್ತಿದ್ದ.

ಎಷ್ಟು ಚೆನ್ನಾಗಿ ನಟಿಸ್ತಾನಪ್ಪಾ... ಎಂದುಕೊಂಡಳು ಧೃತಿ.

ಕುತೂಹಲವೆಂದರೆ ಅವಳಿಗೆ ಹಸಿವಿದ್ದ ಹಾಗೆ. ಟೀ ಬಿಡುವಿನಲ್ಲಿ ಶುರು! ಮನೆ ಎಲ್ಲಿ? ಗಿರಿನಗರ. ಕೆಲಸ? ಬನಶಂಕರಿಯಲ್ಲಿ ಗುಂಡಿ, ಝಿಪ್, ಲೇಸ್ ಮಾರುವ ಅಂಗಡಿ. ಗುಂಡಿಗೆ ಎರಡು ತೂತು ಯಾಕೆ, ನಾಲ್ಕು ಯಾಕೆ?

"ನಿಮ್ಗೆ ಪ್ರಶ್ನೆ ಖಾಲೀನೇ ಆಗಲ್ವಾ?"

"ನಿಮ್ಗೆ ಉತ್ರ ಖಾಲಿ ಆದಾಗ ಹೇಳಿ, ನಿಲ್ಲಿಸ್ತೀನಿ!"

ಮೂರನೇ ಶನಿವಾರ ಅವಳ ಕೋಟಿನ ಗುಂಡಿಯೊಂದು ಕಿತ್ತುಹೋಗಿತ್ತು. ನಾಲ್ಕನೇ ಶನಿವಾರ ಅದೇ ಬಣ್ಣದ, ಅದೇ ಅಳತೆಯ ಗುಂಡಿ ಪುಟ್ಟ ಪೊಟ್ಟಣದಲ್ಲಿ ಬಂತು! ಯಾವಾಗ ನೋಡಿದ ಇವನು? ಖುಷಿಗೆ ಏನು ಹೇಳಬೇಕೆಂದೇ ತೋಚದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಥ್ಯಾಂಕ್ಸ್! ಇವತ್ತು ಆಕ್ಟಿಂಗ್ ಸಖತ್! ಆದ್ರೆ ಕೈ ನಡುಗ್ಸಿದ್ದು ಸ್ವಲ್ಪ ಓವರ್ ಆಯ್ತು ಗುರು!"

ಅವನ ಮುಖ ಬಾಡಿತು. ಅರ್ಧ ಟೀ ಹಾಗೇ ಬಿಟ್ಟು ಎದ್ದುಹೋದ.

ಮುಂದಿನ ಶನಿವಾರ ಅವನ ಕುರ್ಚಿ ಖಾಲಿ!

"ಮೇಡಂ, ಆ ಆಕ್ಟರ್ ಯಾಕ್ ಬಂದಿಲ್ಲ?"

"ಆಕ್ಟರ್ರಾ?" ಮೇಡಂ ಕನ್ನಡಕ ತೆಗೆದರು. "ಎರಡು ವರ್ಷದ ಹಿಂದೆ ನಮ್ ವಾರ್ಡಲ್ಲೇ ಕೀಮೋ ತಗೊಂಡೋನು ಕಣೇ ಅವ್ನು. ಎಲ್ರೂ ಏನೂ ಆಗಲ್ಲ ಅಂದ್ರಂತೆ, ಒಬ್ರೂ ಪಕ್ಕದಲ್ಲಿ ಕೂತು ಕೇಳ್ಲಿಲ್ವಂತೆ. ಅದಕ್ಕೇ ಬರ್ತಾನೆ. ಮೊದಲ್ನೇ ದಿನ ಅವನೇ ಎಲ್ರಿಗೂ ಹೇಳಿದ್ದ... ನೀನು ಲೇಟಾಗಿ ಬಂದೆ."

ಧೃತಿ ಆ ಖಾಲಿ ಕುರ್ಚಿಯತ್ತ ತಿರುಗಿದಳು. ಆ ನಡುಕ... ನಿಜವಾದದ್ದಾ? ಎಲ್ಲವನ್ನೂ ಕೇಳಿದೆ, ಅದೊಂದನ್ನು ಕೇಳಲಿಲ್ಲವಲ್ಲ!

ಸಂಜೆ ಬನಶಂಕರಿಗೆ ಓಡಿದಳು. ಗುಂಡಿ ತುಂಬಿದ ಗಾಜಿನ ಡಬ್ಬಿಗಳ ನಡುವೆ ಅವನೊಬ್ಬನೇ ಕುಳಿತಿದ್ದ. ಮುಂದೆ, ಬೋರಲು ಹಾಕಿದ ಮೊಬೈಲ್.

"ಸಾರಿ... ನಂಗೆ ಗೊತ್ತಿರ್ಲಿಲ್ಲ."

"ನೋವಾಯ್ತು, ಸುಳ್ಳು ಹೇಳಲ್ಲ. ಆದ್ರೆ ಬರ್ದೇ ಇದ್ದಿದ್ದು ಅದಕ್ಕಲ್ಲ. ಆರ್ ತಿಂಗ್ಳಿನ ಸ್ಕ್ಯಾನ್ ಇತ್ತು. ರಿಪೋರ್ಟ್ ಮೊಬೈಲ್‌ಗೆ ಬಂದು ಮೂರು ದಿನ ಆಯ್ತು. ತೆಗೆದಿಲ್ಲ."

ನೂರು ಪ್ರಶ್ನೆಗಳು ಅವಳ ನಾಲಿಗೆಗೆ ಬಂದವು. ಸ್ಟೂಲ್ ಎಳೆದು ಕುಳಿತು, ಒಂದನ್ನೇ ಕೇಳಿದಳು.

"ಯಾವುದಕ್ಕೆ ಜಾಸ್ತಿ ಭಯ?"

ಒಂದು... ಎರಡು... ಮೂರು... ನಾಲಿಗೆ ಕಚ್ಚಿಕೊಂಡಳು. ಏಳು... ಎಂಟು... ಒಂಬತ್ತು...

"ಸಾಯೋದಕ್ಕಲ್ಲ," ಎಂದ ಅವನು ಮೆಲ್ಲಗೆ. "ಯಾರನ್ನಾದ್ರೂ ಇಷ್ಟಪಟ್ಟು, ಆಮೇಲೆ ಅವ್ರನ್ನ ಅಳಿಸ್ಬಿಡ್ತೀನೇನೋ ಅಂತ. ನಿಮ್ಗೆ ಗುಂಡಿ ಹುಡುಕಿದ ದಿನದಿಂದ ಅದೇ ಭಯ."

ಅವಳ ಕಣ್ಣು ತುಂಬಿತು. ಅವನು ಮೊಬೈಲ್ ಎತ್ತಿಕೊಂಡ. ಅವಳು ಥಟ್ಟನೆ ಅದರ ಮೇಲೆ ಕೈಯಿಟ್ಟಳು.

"ತಾಳಿ! ತೆಗೆಯೋಕ್ ಮುಂಚೆ ಹೇಳ್ಬಿಡ್ತೀನಿ. ನಂಗೆ ನೀವು ಇಷ್ಟ! ಆಮೇಲ್ ಹೇಳಿದ್ರೆ... ರಿಪೋರ್ಟ್ ಕೆಟ್ಟದಿದ್ರೆ ಕರುಣೆ ಅಂತೀರಾ, ಒಳ್ಳೇದಿದ್ರೆ ಅದನ್ನ ನೋಡಿ ಒಪ್ಕೊಂಡ್ಲು ಅಂತೀರಾ. ಅದಕ್ಕೇ ಈಗ್ಲೇ!"

ಅವನು ಅವಳನ್ನೇ ನೋಡಿದ. ಆಮೇಲೆ ಇಬ್ಬರೂ ಸೇರಿ ತೆರೆದರು.

"ಕ್ಲಿಯರ್..." ಎಂದು ಓದಿದ ಅವನು. ಕೈ ಈಗಲೂ ನಡುಗುತ್ತಿತ್ತು. ಅವಳು ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಆರ್ ತಿಂಗ್ಳಿಗೊಂದ್ಸಲ ಈ ಭಯ ಬಂದೇ ಬರುತ್ತೆ ಧೃತಿ. ಜೊತೇಲಿ ಕೂರ್ತೀಯಾ?"

"ಕೂರ್ತೀನಿ!"

"ಹತ್ತು ಎಣಿಸ್ಲೇ ಇಲ್ವಲ್ಲೇ?"

"ಎಣಿಸ್ಬೇಕಾದೋರು ಪ್ರಶ್ನೆ ಕೇಳ್ದೋರು ಕಣೋ... ಉತ್ರ ಕೊಡೋರಲ್ಲ!"