ಮಂಗಳವಾರದ ಫೋನ್ ಕರೆ

ಆ ಗುರುವಾರ ಬೆಳಿಗ್ಗೆ ಯಾಲಿನ್ ಬಂದು ಬಾಗಿಲು ಬಡಿದಾಗ ನಾನು ಯೆನ್ ಗುಯಿಫೆನ್ ಅವರ ಅಡುಗೆಮನೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಹುವಾಚಿಯಾಂಗ್‌ಬೇಯ ನಮ್ಮ ಹಳೆಯ ಕಟ್ಟಡದಲ್ಲಿ ನೆಲಮಹಡಿಯ ಕೆಪಾಸಿಟರ್ ಅಂಗಡಿ ನನ್ನದು. ಮೂರನೆಯ ಮಹಡಿಯ ಯೆನ್ ಅಕ್ಕ ಮೂವತ್ತು ವರ್ಷ ರೇಡಿಯೊ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸಿ ನಿವೃತ್ತರಾದವರು. ಕಟ್ಟಡದಲ್ಲಿ ಏನೇ ಕಳೆದರೂ, ಏನೇ ಕೆಟ್ಟರೂ ಎಲ್ಲರೂ ಹತ್ತುವುದು ಅವರ ಮೆಟ್ಟಿಲನ್ನೇ. ಅಂಥ ಎಷ್ಟೋ ಪ್ರಸಂಗಗಳಲ್ಲಿ ನಾನು ಅವರ ಜೊತೆಗಿದ್ದೇನೆ.

"ಚಿಕ್ಕಮ್ಮ, ನಾನು ಯಾವ ತಪ್ಪೂ ಮಾಡಿಲ್ಲ," ಎಂದಳು ಯಾಲಿನ್ ಯೆನ್ ಅಕ್ಕನಿಗೆ. ಅವಳ ತುಟಿ ಬಿಳಿಚಿಕೊಂಡಿತ್ತು. "ಆದ್ರೂ ಪೆಟ್ಟಿಗೆ ನಲವತ್ತಮೂರು ಡಿಗ್ರಿಗೆ ಕಾಯ್ತಿದೆ."

ಯಾಲಿನ್ ಐದನೆಯ ಮಹಡಿಯ ಗೆಂಗ್ ಅವರ ಕಂಪನಿಗೆ ಹೊಸದಾಗಿ ಸೇರಿದ ಎಂಜಿನಿಯರ್. ಅಲ್ಲಿ ತಯಾರಾಗುವುದು ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು. ಒಳಗಿನ ಬಿಸಿಯನ್ನು ಒಂದು ಮೈಕ್ರೋಕಂಟ್ರೋಲರ್ ಚಿಪ್ ಮೂವತ್ತೇಳು ಡಿಗ್ರಿಯಲ್ಲಿ ಹಿಡಿದಿಡಬೇಕು. ಚಿಪ್ಪಿಗೆ ಪ್ರೋಗ್ರಾಂ ತುಂಬುತ್ತಿದ್ದ ಹಳೆಯ ಕಂಪ್ಯೂಟರ್ ಶನಿವಾರ ಕೆಟ್ಟು ನಿಂತಿತ್ತು. ಭಾನುವಾರವಿಡೀ ಕೂತು ಯಾಲಿನ್ ಹೊಸ ಡೆಸ್ಕ್‌ಟಾಪನ್ನು ಸಜ್ಜುಗೊಳಿಸಿದ್ದಳು. ಬರೆದ ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್, ಯುಎಸ್‌ಬಿ ಡ್ರೈವರ್, ಬಿಸಿ ಅಳೆಯುವ ಸೆನ್ಸರ್ ಕೊಡುವ ಅಂಕಿಯನ್ನು ಡಿಗ್ರಿಗೆ ತಿರುಗಿಸುವ ಲೈಬ್ರರಿ ಎಂಬ ಸಿದ್ಧ ಕೋಡ್, ಎಲ್ಲವನ್ನೂ ಹಾಕಿ, ಪೆನ್‌ಡ್ರೈವಿನಲ್ಲಿದ್ದ ಹಳೆಯ ಪ್ರೋಗ್ರಾಮನ್ನೇ ತುಂಬಿದ್ದಳು. ಪರೀಕ್ಷೆಗೆ ಒಂದು ದಿನ ಕೊಡಿ ಎಂದರೂ ಗೆಂಗ್ ಕೇಳದೆ ಸೋಮವಾರವೇ ನಾಲ್ಕು ಪೆಟ್ಟಿಗೆಗಳನ್ನು ಪಕ್ಕದ ಪ್ರಾಂತ್ಯದ ಒಂದು ತಾಲ್ಲೂಕು ಆಸ್ಪತ್ರೆಗೆ ಕಳಿಸಿಬಿಟ್ಟಿದ್ದರು. ಗುರುವಾರ ಬೆಳಿಗ್ಗೆ ಉಳಿದವನ್ನು ಪರೀಕ್ಷಿಸಿದಾಗ ವಿಷಯ ಬಯಲಾಗಿತ್ತು.

"ಪರದೆ ಮೂವತ್ತೇಳು ಅಂತ ತೋರಿಸುತ್ತೆ. ಒಳಗೆ ಗಾಜಿನ ಥರ್ಮಾಮೀಟರ್ ಇಟ್ಟರೆ ನಲವತ್ತಮೂರು. ಕಂಪ್ಯೂಟರ್ ಸಜ್ಜು ಮಾಡಿದವಳು ನೀನು, ತಪ್ಪೂ ನಿಂದೇ ಅಂತಾರೆ ಯಜಮಾನ್ರು. ಹಳೇದನ್ನ ನೋಡೋಣ ಅಂತ ಅದರ ಮುಚ್ಚಳ ಬಿಚ್ಚಿದ್ರೆ ಒಳಗೆ ಹಾರ್ಡ್‌ಡಿಸ್ಕೇ ಇಲ್ಲ! ಯಾರೋ ತೆಗೆದಿದಾರೆ."

ಯೆನ್ ಅಕ್ಕ ಡಿಸ್ಕಿನ ಮಾತಿಗೆ ಕಿವಿಗೊಡಲೇ ಇಲ್ಲ. "ಆಸ್ಪತ್ರೆ ನಂಬರ್ ಕೊಡು. ಮೊದಲು ಅದು."

ಫೋನನ್ನು ಸ್ಪೀಕರಿಗೆ ಹಾಕಿದರು. ಏಳು ಸಲ ರಿಂಗಾಯಿತು. ಎಂಟನೆಯದಕ್ಕೆ ಶಿಶು ವಾರ್ಡಿನ ನರ್ಸ್ ಎತ್ತಿಕೊಂಡಳು.

"ಹೊಸ ಪೆಟ್ಟಿಗೆಗಳಾ? ಮಂಗಳವಾರ ನಿಮ್ಮ ಕಂಪನಿ ಗಂಡಸರೊಬ್ಬರು ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದ್ರಲ್ಲ, ಯಾವುದೋ ಕಾಗದ ಬರಬೇಕು, ಅಲ್ಲೀವರೆಗೆ ಹಾಕಬೇಡಿ ಅಂತ? ಆದ್ರೆ ಇವತ್ತು ಬೆಳಿಗ್ಗೆ ಅವಳಿ ಹುಟ್ಟಿದ್ವು. ನಮ್ಮಲ್ಲಿ ಖಾಲಿ ಇದ್ದದ್ದು ಒಂದೇ ಪೆಟ್ಟಿಗೆ. ಕಾಗದಕ್ಕೋಸ್ಕರ ಎಷ್ಟು ಕಾಯೋದು? ನಿಮ್ಮದೊಂದನ್ನ ಹಾಕಿದ್ವಿ."

"ಮಗು ಒಳಗಿದೆಯಾ?"

"ಈಗಷ್ಟೇ ಎತ್ಕೊಂಡೆ, ಮಲಗಿಸೋಕೆ..."

"ಬೇಡ! ಮಲಗಿಸಬೇಡಮ್ಮ! ಎದೆಗೆ ಅವಚಿಕೋ, ಪ್ಲಗ್ ಕಿತ್ತುಹಾಕು. ಅದು ಮಗುವನ್ನ ಬೇಯಿಸುತ್ತೆ!"

ಆ ಕಡೆ ಕುರ್ಚಿಯೊಂದು ಉರುಳಿದ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ. ಯಾಲಿನ್ ನನ್ನ ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕೊನೆಗೆ ಮಗುವಿನ ಕ್ಷೀಣವಾದ ಅಳು ಕೇಳಿಸಿತು, ಅದರ ಹಿಂದೆಯೇ ನರ್ಸಿನ ದನಿ: "ಕಿತ್ತೆ. ನಾಲ್ಕನ್ನೂ ಹೊರಗೆ ಹಾಕಿಸ್ತೀನಿ."

ಯೆನ್ ಅಕ್ಕ ಗೋಡೆಗೆ ಒರಗಿ ಕ್ಷಣಹೊತ್ತು ಕಣ್ಣು ಮುಚ್ಚಿದರು. "ಸರಿ. ಈಗ ನಡೀರಿ, ಆ ಕಂಪ್ಯೂಟರ್ ನೋಡೋಣ."

ಐದನೆಯ ಮಹಡಿಯಲ್ಲಿ ಗೆಂಗ್ ಸಿಡಿಮಿಡಿಗೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. ಹಿರಿಯ ತಂತ್ರಜ್ಞ ಚ್ಯೂ ಒಂದು ಕೆನ್ನೆ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಯೆನ್ ಅಕ್ಕ ಹಳೆಯ ಕಂಪ್ಯೂಟರಿನ ಮುಚ್ಚಳವನ್ನು ಬೆಳಕಿಗೆ ಹಿಡಿದರು.

"ಯಾಲಿನ್, ನೀನು ಬಿಚ್ಚುವಾಗ ನಾಲ್ಕು ಸ್ಕ್ರೂನೂ ಇದ್ವಾ?"

"ಇದ್ವು. ಬಿಗಿಯಾಗೇ ಇದ್ವು."

"ಹೊಸದನ್ನ ಸಜ್ಜು ಮಾಡುವಾಗ ಏನೇನು ಹಾಕಬೇಕು ಅಂತ ಹೇಗೆ ಗೊತ್ತಾಯ್ತು?"

ಯಾಲಿನ್ ಕಪಾಟಿನಿಂದ ಒಂದು ಹಾಳೆ ತಂದಳು. ಸರ್ಕಾರಿ ತಪಾಸಣಾ ಕಚೇರಿಗೆ ಕೊಟ್ಟ ಪಟ್ಟಿಯ ಪ್ರತಿ ಅದು. ಯಾವ ಕಂಪೈಲರ್, ಯಾವ ಲೈಬ್ರರಿ, ಯಾವ ಆವೃತ್ತಿ, ಎಲ್ಲವೂ ಅದರಲ್ಲಿತ್ತು. ಕೆಳಗೆ ಕೆಂಪು ಮುದ್ರೆ, 2014ರ ತಾರೀಕು. ಯೆನ್ ಅಕ್ಕ ಬೆರಳಿಟ್ಟು ಒಂದೊಂದೇ ಸಾಲು ಓದಿದರು, ಯಾಲಿನ್ ಡೆಸ್ಕ್‌ಟಾಪಿನಲ್ಲಿ ಅದನ್ನು ತೋರಿಸುತ್ತ ಹೋದಳು. ಎಲ್ಲಿಯೂ ಒಂದಂಕಿಯ ವ್ಯತ್ಯಾಸವಿರಲಿಲ್ಲ.

"ಚ್ಯೂ, ಈ ಲೈಬ್ರರಿ ವಿಷಯ ನಿನಗೇನಾದ್ರೂ ಗೊತ್ತಾ?"

"ನಾನು ಸೇರಿದ್ದೇ 2018ರಲ್ಲಿ ಅಕ್ಕ. ಬಟನ್ ಒತ್ತೋದು, ಚಿಪ್ಪಿಗೆ ತುಂಬೋದು, ಇಷ್ಟೇ ನನ್ನ ಕೆಲಸ," ಎಂದು ಚ್ಯೂ ತೊದಲಿದ. "ಮಾತು ತೊದಲ್ತಿದೆ, ಬೇಜಾರಾಗಬೇಡಿ. ಸೋಮವಾರ ಎರಡು ದವಡೆಹಲ್ಲು ಕಿತ್ತರು. ನಿನ್ನೆವರೆಗೆ ಬಾಯ್ತುಂಬ ಹತ್ತಿ. ಹೆಂಡತಿ ಜೊತೆ ಜಗಳಾನೂ ಚೀಟಿ ಬರೆದೇ ಆಡಿದೆ."

"ಅವಳು ಗೆದ್ದಿರಬೇಕು ಬಿಡು," ಎಂದರು ಯೆನ್ ಅಕ್ಕ. ಅವರು ನಗಲಿಲ್ಲ. "ಎಲ್ಲರೂ ಕೂತ್ಕೊಳ್ಳಿ. ಪಾಂಗ್, ಬಾಗಿಲು ಹಾಕು."

ನಾನು ಬಾಗಿಲು ಹಾಕಿ ಬಂದೆ.

"ಪ್ರೋಗ್ರಾಂ ಹಳೇದೇ. ಪಟ್ಟಿ ಪ್ರಕಾರ ಈ ಹುಡುಗಿ ಎಲ್ಲಾನೂ ಸರಿಯಾಗೇ ಹಾಕಿದಾಳೆ. ಆದ್ರೂ ಬಿಸಿ ಏರುತ್ತೆ. ಅಂದ್ರೆ ಹಳೇ ಕಂಪ್ಯೂಟರಿನಲ್ಲಿ ಈ ಪಟ್ಟಿಯಲ್ಲಿಲ್ಲದ ಏನೋ ಒಂದಿತ್ತು. ಪರದೆ ಆರು ಡಿಗ್ರಿ ಕಡಿಮೆ ತೋರಿಸ್ತಿದೆ ಅಂದ್ಮೇಲೆ ಅದು ಇದ್ದದ್ದು ಅಂಕಿಯನ್ನ ಡಿಗ್ರಿಗೆ ತಿರುಗಿಸೋ ಲೈಬ್ರರಿಯಲ್ಲಿ. ಯಾರೋ ಅದರೊಳಗೆ ಕೈಯಾರೆ ತಿದ್ದಿದ್ರು, ಪಟ್ಟಿಯಲ್ಲಿ ಬರೀಲಿಲ್ಲ. ಕಂಪ್ಯೂಟರ್ ಸತ್ತಾಗ ಆ ತಿದ್ದುಪಡಿನೂ ಸತ್ತುಹೋಯ್ತು."

"ಊಹೆ ಇದೆಲ್ಲ," ಎಂದರು ಗೆಂಗ್.

"ಇರಬಹುದು. ಹಾಗಾದ್ರೆ ಡಿಸ್ಕ್ ಯಾಕೆ ಹೋಯ್ತು? ಕಳ್ಳ ನಾಲ್ಕು ಸ್ಕ್ರೂ ವಾಪಸ್ ಬಿಗಿದು ಹೋಗ್ತಾನಾ? ಇಲ್ಲಿ ಕೂತು ನಿಧಾನವಾಗಿ ಕೆಲಸ ಮಾಡಿದ್ರೂ ಯಾರೂ ಯಾಕೆ ಅಂತ ಕೇಳದವರೇ ತೆಗೆದಿರೋದು. ಇನ್ನು ಆ ಫೋನ್. ಬಿಸಿ ಏರುತ್ತೆ ಅಂತ ಗೊತ್ತಾದದ್ದು ಇವತ್ತು. ಆದ್ರೆ ಮಂಗಳವಾರವೇ ಇಲ್ಲಿನ ಗಂಡಸರೊಬ್ಬರು ಆಸ್ಪತ್ರೆಗೆ ಪೆಟ್ಟಿಗೆ ಹಾಕಬೇಡಿ ಅಂದಿದಾರೆ. ಪರೀಕ್ಷೆಗೆ ಎರಡು ದಿನ ಮುಂಚೆ ಅವರಿಗೆ ಹೇಗೆ ಗೊತ್ತು? ತಿದ್ದಿದವರು ಅವರೇ ಆಗಿದ್ರೆ ಮಾತ್ರ. ಈ ಕಂಪನಿಯಲ್ಲಿರೋ ಗಂಡಸರು ಇಬ್ಬರೇ. ಒಬ್ಬನ ಬಾಯಲ್ಲಿ ಮಂಗಳವಾರ ಹತ್ತಿ ತುಂಬಿತ್ತು. ಪಟ್ಟಿ ಕೊಟ್ಟ 2014ರಲ್ಲಿ ಅವನು ಇಲ್ಲಿ ಇರಲೂ ಇಲ್ಲ."

ಗೆಂಗ್ ಸ್ಟೂಲೊಂದನ್ನು ಎಳೆದುಕೊಂಡು ಕೂತರು.

"ಆಗ ನಾನೊಬ್ಬನೇ ಇದ್ದೆ," ಎಂದರು. "ಸೆನ್ಸರ್ ಬದಲಾಯಿಸಿದ ಮೇಲೆ ಲೈಬ್ರರಿಯಲ್ಲಿ ಒಂದಂಕಿ ತಿದ್ದಿದೆ. ಬರೆದರೆ ಇಡೀ ತಪಾಸಣೆ ಮತ್ತೆ ಮಾಡಿಸಬೇಕಿತ್ತು, ಆಮೇಲೆ ಬರೆದರಾಯ್ತು ಅಂದ್ಕೊಂಡೆ. ವರ್ಷಗಳು ಕಳೆದು ಮರೆತೇಹೋಯ್ತು. ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನೆನಪಾಯ್ತು ನೋಡಿ. ಅಂಕಿ ಮಾತ್ರ ನೆನಪಾಗಲಿಲ್ಲ. ಡಿಸ್ಕ್ ರಿಪೇರಿಗೆ ಕೊಟ್ಟೆ, ಅದರಿಂದ ಏನೂ ಬರಲ್ಲ ಅಂದ್ರು. ಸುಳ್ಳು ಪಟ್ಟಿ ಕೊಟ್ಟಿದೀನಿ ಅಂತ ಗೊತ್ತಾದ್ರೆ ಪರವಾನಗಿ ಹೋಗುತ್ತೆ. ಆಸ್ಪತ್ರೆಯವರಿಗೆ ಹೇಳಿದ್ನಲ್ಲ, ಮಕ್ಕಳಿಗೇನೂ ಆಗಲ್ಲ ಅಂತ ನಂಬ್ಕೊಂಡಿದ್ದೆ."

"ತಪ್ಪನ್ನ ನನ್ನ ತಲೆಗೆ ಕಟ್ಟಿದ್ರಿ," ಎಂದಳು ಯಾಲಿನ್ ಮೆಲ್ಲಗೆ.

ಅವಳು ಎದ್ದು ಹೋದಳು. ಒಂದು ಪಾತ್ರೆಯಲ್ಲಿ ಮಂಜುಗಡ್ಡೆಯ ನೀರು, ಇನ್ನೊಂದರಲ್ಲಿ ಬೆಚ್ಚನೆಯ ನೀರು ಇಟ್ಟು, ಸೆನ್ಸರನ್ನೂ ಗಾಜಿನ ಥರ್ಮಾಮೀಟರನ್ನೂ ಜೊತೆಗೆ ಅದ್ದಿ ಅಳೆಯತೊಡಗಿದಳು. ಎರಡು ಗಂಟೆಯ ಬಳಿಕ ಕಳೆದುಹೋದ ಅಂಕಿ ಸಿಕ್ಕಿತು. ಅದನ್ನು ಲೈಬ್ರರಿಯೊಳಗೆ ಬಚ್ಚಿಡದೆ, ಯಾರು ತೆರೆದರೂ ಕಾಣುವಂತೆ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬರೆದು, ಪಕ್ಕದಲ್ಲಿ ಕಾರಣವನ್ನೂ ನಮೂದಿಸಿದಳು. ಆ ಮಧ್ಯಾಹ್ನ ನಾವೆಲ್ಲ ಹೊಸ ಪ್ರೋಗ್ರಾಂ ತುಂಬಿದ ಪೆಟ್ಟಿಗೆಯ ಸುತ್ತ ಕೂತೆವು. ಪಾದರಸ ಏರಿತು, ಮೂವತ್ತೇಳರಲ್ಲಿ ನಿಂತಿತು. ಮೂರು ಗಂಟೆ ಕಾಲ ಅಲ್ಲಿಂದ ಕದಲಲಿಲ್ಲ.

ಗೆಂಗ್ ಮರುದಿನ ತಾವೇ ತಪಾಸಣಾ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟರು. ಪರವಾನಗಿ ಏಳು ತಿಂಗಳು ಅಮಾನತಿನಲ್ಲಿತ್ತು. ಆದರೆ ಆ ಗುರುವಾರ ಸಂಜೆಯೇ ಯೆನ್ ಅಕ್ಕ ಗೆಂಗ್ ಕೈಗೆ ಫೋನ್ ಕೊಟ್ಟು, "ಈ ಸಲ ನಿಜ ಹೇಳಿ," ಎಂದರು.

ಗೆಂಗ್ ಆಸ್ಪತ್ರೆಗೆ ಫೋನ್ ಮಾಡಿ ತಮ್ಮ ಹೆಸರು ಹೇಳಿದರು, ಮಂಗಳವಾರ ಫೋನ್ ಮಾಡಿದವನು ತಾನೇ ಎಂದರು, ಕಾಗದದ ಮಾತು ಸುಳ್ಳು ಎಂದರು. ಆ ಕಡೆ ನರ್ಸ್ ಎಲ್ಲವನ್ನೂ ಕೇಳಿಸಿಕೊಂಡಳು; ಅವಳ ದನಿ ನಮಗೂ ಕೇಳಿಸುತ್ತಿತ್ತು.

"ಮಂಗಳವಾರವೇ ನಿಜ ಹೇಳಿದ್ದಿದ್ರೆ ನಾನು ಆ ಪೆಟ್ಟಿಗೆ ಪ್ಲಗ್ ಹಾಕ್ತಾನೇ ಇರಲಿಲ್ಲ," ಎಂದಳು. "ನಾನು ಎತ್ಕೊಂಡಿದ್ದದ್ದು ಹೆಣ್ಣು ಮಗು. ಒಂದೂವರೆ ಕೆಜಿ ಇದಾಳೆ."

ಗೆಂಗ್ ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದರು, ಆ ಕಡೆಯವರು ಇಟ್ಟ ಮೇಲೂ.